ಮಗ್ಗದ ಎಡಗಡೆ ಕೂತವರು

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಬರೆಯುತ್ತೇನೆ, ಬರೆಯುವುದಕ್ಕೆ ಬೇಕಾದಷ್ಟಿದೆ. ಆದರೆ ಹೊಟ್ಟೆಯುರಿಯನ್ನು ಪಕ್ಕಕ್ಕಿಟ್ಟು ಬರೆ ಎಂದರೆ ಮಾತ್ರ ನನ್ನಿಂದ ಆಗುವುದಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹೊಟ್ಟೆಯುರಿಯಿಂದಲೇ ಗೊತ್ತಾದದ್ದು. ಕಚೇರಿಯ ಬೇರೆ ಯಾರಾದರೂ ಚಹಾ ಹೇಗೆ ಕುಡಿಯುತ್ತಾರೆ ಎಂದು ಕೇಳಿದರೆ ನಾನು ಹೇಳಲಾರೆ. ಇವರದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು, ಅದು ತಣ್ಣಗಾಗುವವರೆಗೆ ಎದುರಿದ್ದವರ ಮಾತು ಕೇಳುತ್ತ ಕೂತು, ಕೊನೆಗೆ ಒಂದೇ ಸಲಕ್ಕೆ ಕುಡಿದು ಕೆಳಗಿಡುತ್ತಿದ್ದರು. ಅಷ್ಟರಲ್ಲಿ ಎದುರಿದ್ದವರು ತಮ್ಮ ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡಿರುತ್ತಿದ್ದರು. ನನ್ನ ಮುಂದೆ ಯಾರೂ ಹಾಗೆ ಹೇಳಿಕೊಳ್ಳುತ್ತಿರಲಿಲ್ಲ. ನಾನು ಚಹಾ ಬಿಸಿಯಾಗಿಯೇ ಕುಡಿಯುವವಳು.

ನಮ್ಮ ಸಂಸ್ಥೆಯ ಕಚೇರಿ ಇದ್ದದ್ದು ಚಳ್ಳಕೆರೆಯಲ್ಲಿ, ಒಂದು ಎಣ್ಣೆ ಮಿಲ್ಲಿನ ಗೋದಾಮಿನ ಮೇಲೆ. ಶೇಂಗಾ ಹಿಂಡಿಯ ವಾಸನೆ ನಮ್ಮ ಕಾಗದಪತ್ರಗಳಿಗೂ ಹತ್ತಿತ್ತು. ನಾನು ಮಹಿಳಾ ಸಂಘಗಳ ಕೆಲಸ ನೋಡಿಕೊಳ್ಳುವವಳು. ಹಳ್ಳಿಹಳ್ಳಿ ಅಲೆದು, ಬಸ್ಸಿಗೆ ಕಾದು, ಗಂಡಂದಿರ ಕೈಲಿ ಬೈಸಿಕೊಂಡು ಆ ಸಂಘಗಳನ್ನು ಕಟ್ಟಿದ್ದೆ. ಅವರು ಮೊಳಕಾಲ್ಮುರಿನ ನೇಕಾರರ ಮನೆಯವರು, ನೇಕಾರರಿಗೆ ಸಂಬಂಧಪಟ್ಟ ಕೆಲಸಕ್ಕೆಂದು ಬಂದು ಸೇರಿದವರು. ಐವತ್ತು ದಾಟಿತ್ತು. ಬೆಳಿಗ್ಗೆ ಮನೆಯಲ್ಲಿ ಒಂದಿಷ್ಟು ನೇಯ್ದು, ಹೆಗಲಿಗೊಂದು ಟವೆಲ್ ಹಾಕಿಕೊಂಡು, ಹಳೆಯ ಬೈಕಿನಲ್ಲಿ ಚಳ್ಳಕೆರೆಗೆ ಬರುತ್ತಿದ್ದರು. ಯಾರು ಏನೇ ಕೇಳಿದರೂ ಅವರ ಹತ್ತಿರ ಒಂದೇ ಉತ್ತರ: "ಕುಂತ್ರೆ ಗೊತ್ತಾಗ್ತೈತೆ." ಈ ಯೋಜನೆ ನಡೆಯುತ್ತದಾ ಎಂದರೂ ಅದೇ, ಆ ಹೋಟೆಲಿನ ಮಂಡಕ್ಕಿ ಚೆನ್ನಾಗಿರುತ್ತದಾ ಎಂದರೂ ಅದೇ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ನಿಜವಾದ ಉರಿ ಶುರುವಾದದ್ದು ಕೊರೊನಾ ಕಾಲದಲ್ಲಿ. ಮೊದಲ ಲಾಕ್‌ಡೌನ್ ಸಡಿಲವಾಗುತ್ತಿದ್ದ ಹಾಗೆ ಹೊರದೇಶದ ಒಂದು ನೆರವಿನ ಸಂಸ್ಥೆ ನಮ್ಮ ಮೂಲಕ ಈ ಭಾಗದ ಜನಕ್ಕೆ ಸಹಾಯ ಮಾಡಲು ಒಪ್ಪಿತು. ಒಂದು ಷರತ್ತಿತ್ತು. ನೆರವು ಗಂಡಸರಿಗೂ ಹೆಂಗಸರಿಗೂ ಸಮನಾಗಿ ತಲುಪಬೇಕು, ಅದನ್ನು ನೋಡಿಕೊಳ್ಳಲೆಂದೇ ಕಚೇರಿಯಲ್ಲಿ ಒಬ್ಬರು ಇರಬೇಕು. ಆ ಜವಾಬ್ದಾರಿಗೆ ಅವರು ಇಟ್ಟ ಹೆಸರು 'ಜೆಂಡರ್ ಅಧಿಕಾರಿ'. ನಾನು ಮನಸ್ಸಿನಲ್ಲೇ ಆ ಕುರ್ಚಿಯಲ್ಲಿ ಕೂತೂಬಿಟ್ಟಿದ್ದೆ. ನಮ್ಮ ನಿರ್ದೇಶಕರು ಮೀಟಿಂಗಿನಲ್ಲಿ ಇವರ ಕಡೆ ಕೈ ತೋರಿಸಿದರು.

"ಸರ್, ಅವರು ಗಂಡಸರು," ಎಂದೆ. ಬಾಯಿಂದ ಬಂದದ್ದು ಅಷ್ಟೇ.

"ಅದಕ್ಕೇ ಕಣಮ್ಮಾ," ಎಂದರು ನಿರ್ದೇಶಕರು. "ನೀನು ಹೆಂಗಸು, ನಿನಗೆ ಎಲ್ಲಾ ಗೊತ್ತೇ ಇರ್ತೈತೆ. ಗೊತ್ತಿಲ್ದೋರಿಗೆ ತಾನೇ ತರಬೇತಿ ಕೊಡಿಸ್ಬೇಕು? ಮ್ಯಾಲೆ ಅವರತ್ರ ಬೈಕೈತೆ, ಲಾಕ್‌ಡೌನ್‌ನಾಗೆ ಓಡಾಡೋ ಪಾಸೂ ಐತೆ."

ಇವರು ಕುರ್ಚಿಯ ತುದಿಯಲ್ಲಿ ಕೂತು ಟವೆಲಿನ ಅಂಚನ್ನು ಮಡಚುತ್ತಿದ್ದರು. "ಮೇಡಂ ಆದ್ರೇ ಚಲೋ ಸರ್, ನನಗೇನು ತಿಳಿತೈತೆ," ಎಂದರು. ಬಾಯಿಮಾತಿಗೆ ಹೇಳಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳಲು ಒಂದು ದಾರಿಯಾದರೂ ಇರುತ್ತಿತ್ತು. ಮನಸಾರೆ ಹೇಳಿದರು. ಆ ಮನುಷ್ಯನ ಮೇಲೆ ನೆಟ್ಟಗೆ ಸಿಟ್ಟು ಮಾಡಿಕೊಳ್ಳಲು ನನಗೆ ಯಾವತ್ತೂ ಒಂದು ಕಾರಣ ಸಿಗಲಿಲ್ಲ. ನಾನು ಅವರ ಸಹಾಯಕಿಯಾಗಿ, ಅವರ ಬೈಕಿನ ಹಿಂದೆ ಕೂತು, ಊರೂರು ತಿರುಗುವುದೆಂದು ತೀರ್ಮಾನವಾಯಿತು. ಮಾರನೆಯ ದಿನ ನನಗೆಂದು ಒಂದು ಕೆಂಪು ಹೆಲ್ಮೆಟ್ ತಂದರು. ಹೊಸದರಂತೆಯೇ ಇತ್ತು, ತಲೆಗೆ ಸ್ವಲ್ಪ ಬಿಗಿ. ಯಾರದು ಎಂದು ಕೇಳಲಿಲ್ಲ. ಹೆಲ್ಮೆಟ್ ಕೂಡ ಅವರ ದಯೆಯಿಂದ ಬರಬೇಕಾಯಿತಲ್ಲ ಎಂದು ಹಲ್ಲು ಕಡಿದು ಹಾಕಿಕೊಂಡೆ.

ಹೊರದೇಶದವರು ಮೊದಲ ಕಂತಿನಲ್ಲಿ ಹೆಂಗಸರಿಗೆಂದೇ ಒಂದು ಚೀಲ ಕೊಡಿಸಿದ್ದರು. ಸೋಪು, ಬಟ್ಟೆ, ಟಾರ್ಚು, ಜೊತೆಗೆ ಒಂದು ಸೀಟಿ. ತೊಂದರೆಯಾದರೆ ಹೆಂಗಸು ಆ ಸೀಟಿ ಊದಬೇಕಂತೆ. ಗೋಡೆಗೆ ಗೋಡೆ ಅಂಟಿಕೊಂಡ ನೇಕಾರರ ಓಣಿಯಲ್ಲಿ ಮಕ್ಕಳು ಮೂರು ಹೊತ್ತೂ ಸೀಟಿ ಊದಿದವು. ನಾಯಕನಹಟ್ಟಿ ಕಡೆಯ ಹಟ್ಟಿಗಳಲ್ಲಿ ಕುರಿ ಕಾಯುವ ಹೆಂಗಸರು ಮಾತ್ರ ಅದನ್ನು ಕೊರಳಿಗೆ ಕಟ್ಟಿಕೊಂಡು ಕುರಿ ತಿರುಗಿಸಲು ಬಳಸಿದರು. ನಾನು ನಗುತ್ತಿದ್ದರೆ ಇವರು ನಗಲಿಲ್ಲ. "ಏನು ಬೇಕು ಅಂತ ಯಾರೂ ಕೇಳಿಲ್ಲ ಮೇಡಂ, ಅದಕ್ಕೆ ಸೀಟಿ ಬಂದೈತೆ," ಎಂದರು. ಅದು ನಾನು ಹೇಳಬೇಕಾಗಿದ್ದ ಮಾತು. ಹದಿನೈದು ವರ್ಷ ಹೆಂಗಸರ ನಡುವೆ ಕೆಲಸ ಮಾಡಿ ನಾನು ನಕ್ಕೆ, ಈ ಗಂಡಸು ಹೇಳಿದರು.

ನೇಕಾರರಿಗೆ ಬಂದ ನೆರವು ಬೇರೆ. ಒಂದು ಮಗ್ಗಕ್ಕೆ ಒಬ್ಬ ನೇಕಾರ ಎಂದು ಹಿಡಿದು, ಆ ನೇಕಾರನಿಗೆ ರೇಷನ್ನು, ರೇಷ್ಮೆ ಕೊಳ್ಳಲು ಒಂದಿಷ್ಟು ಹಣ. ನೇಕಾರ ಎಂದರೆ ಗಂಡ. ಹಾಗಾದರೆ ಹೆಂಗಸರೆಲ್ಲಿ ಎಂದು ಹೊರದೇಶದವರು ಕೇಳಿದಾಗ, ಹೋಗಿ ಹೆಂಗಸರನ್ನೇ ಮಾತಾಡಿಸಿಕೊಂಡು ಬನ್ನಿ ಎಂದು ನಿರ್ದೇಶಕರು ನಮ್ಮನ್ನು ಮೊಳಕಾಲ್ಮುರಿಗೆ ಅಟ್ಟಿದರು.

ಮೊದಲ ಮನೆ ನನಗೆ ಚೆನ್ನಾಗಿ ನೆನಪಿದೆ. ಗಂಡ ಮಗ್ಗದ ಕೆಳಗಿನ ಕುಳಿಯಲ್ಲಿ ಕಾಲು ಬಿಟ್ಟು ನೇಯುತ್ತಿದ್ದ. ಹೆಂಡತಿ ಅವನ ಎಡಗಡೆ ಕೂತಿದ್ದಳು. ಅಲ್ಲಿಯ ಸೀರೆ ನೇಯುವ ರೀತಿಯೇ ಹಾಗೆ. ಒಡಲಿನ ಬಣ್ಣ ಒಂದು, ಅಂಚಿನ ಬಣ್ಣ ಇನ್ನೊಂದು, ಒಂದು ಇನ್ನೊಂದರೊಳಕ್ಕೆ ನುಗ್ಗಬಾರದು. ಅದಕ್ಕೆ ಅಡ್ಡ ಎಳೆ ಹಾಯಿಸುವ ಲಾಳಿ ಮೂರು. ನೇಯುವವನು ಎರಡನ್ನು ನೋಡಿಕೊಂಡರೆ, ಎಡ ಅಂಚಿನ ಲಾಳಿಯನ್ನು ಪಕ್ಕದಲ್ಲಿ ಕೂತವರು ತಳ್ಳಬೇಕು. ಅಲ್ಲಿ ಕೂರುವುದು ಹೆಂಡತಿ, ಇಲ್ಲವೇ ಮಗಳು. ಅವರು ಎದ್ದರೆ ಮಗ್ಗ ನಿಲ್ಲುತ್ತದೆ.

ನಾನು ಆಕೆಯನ್ನು ಕೇಳಿದೆ, "ಈ ಕೊರೊನಾದಾಗೆ ನಿಮಗೇನು ತೊಂದ್ರೆ ಆಗೈತಮ್ಮಾ?"

"ಏನಿಲ್ಲ ಮೇಡಂ, ರೇಷ್ಮೆ ಸಿಗ್ಲಿಲ್ಲ ಅಷ್ಟೇ," ಎಂದ ಗಂಡ.

ಆಕೆಗೆ ಮಕ್ಕಳೆಷ್ಟು ಎಂದರೂ ಅವನದೇ ಉತ್ತರ, ಆಕೆಯ ಮೈ ಹುಷಾರಿದೆಯಾ ಎಂದರೂ ಅವನದೇ ಉತ್ತರ. ಒಂದು ಗಳಿಗೆ ಹೊರಗೆ ಕಳಿಸಿ ಎಂದೆ. "ಸೀರೆ ಒಪ್ಪಿಸ್ಬೇಕು ಮೇಡಂ, ಅವಳು ಎದ್ರೆ ಆಗಲ್ಲ," ಎಂದ. ಹೆಂಗಸು ತಲೆಯೆತ್ತಲಿಲ್ಲ. ನಾನು ನನ್ನ ಅನುಭವವನ್ನೆಲ್ಲ ಬಳಸಿ ಗದರಿದೆ, ಪುಸಲಾಯಿಸಿದೆ, ಸರ್ಕಾರದ ಹೆಸರು ಕೂಡ ಹೇಳಿದೆ.

ಇವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಟವೆಲನ್ನು ಬಾಯಿ ಮೂಗಿಗೆ ಬಿಗಿಯಾಗಿ ಸುತ್ತಿಕೊಂಡು, ತೋಳು ಮಡಚಿ, "ಏಳಮ್ಮಾ, ನಾನು ನೋಡ್ಕೊಂತೀನಿ," ಎಂದು ಆಕೆಯ ಜಾಗದಲ್ಲಿ ಕೂತುಬಿಟ್ಟರು. ಗಂಡ ಗಾಬರಿಯಾಗಿ, ತೆಲುಗಿನವರು ಅಣ್ಣನನ್ನು ಕರೆಯುವಂತೆ, "ಅಯ್ಯೋ ಅನ್ನಾ, ಅದು ಹೆಂಗಸರ ಜಾಗ," ಎಂದ. "ನಾನು ಸಣ್ಣೋನಿದ್ದಾಗ ಇಲ್ಲೇ ಕುಂತಿದ್ದೋನು. ನಡೀಲಿ ಲೇ, ಹಾಕು," ಎಂದು ಇವರು ಲಾಳಿ ತಳ್ಳಿದರು. ಲಾಳಿ ಬಂದ ಮೇಲೆ ಅವನು ಏನು ಮಾಡುತ್ತಾನೆ? ಹಿಡಿಯಲೇಬೇಕು. ಮಗ್ಗ ನಡೆಯಿತು. ಅವನು ಕುಳಿಯಲ್ಲಿ ಸಿಕ್ಕಿಕೊಂಡ, ಹೆಂಡತಿ ಎದ್ದು ಬಂದಳು. ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾವಿಬ್ಬರೂ ಕೂತೆವು. ಒಳಗಿನಿಂದ ಮಗ್ಗದ ಸದ್ದು ಬರುತ್ತಿರುವಷ್ಟು ಹೊತ್ತೂ ಆಕೆ ಧೈರ್ಯವಾಗಿ ಮಾತಾಡಿದಳು.

"ಅವರಿಗೆ ಜ್ವರ ಬಂದಾಗ ಮಗ್ಗ ನಿಂತಿತ್ತು ಮೇಡಂ," ಎಂದಳು. "ನನಗೆ ಬಂದಾಗ ನಿಲ್ಲಲಿಲ್ಲ."

ಆಮೇಲೆ ಓಣಿಯ ಉದ್ದಕ್ಕೂ ಹೀಗೆಯೇ. ಅವರು ಒಳಗೆ ಎಡಗಡೆ ಕೂತರು, ನಾನು ಹೊರಗೆ ಕಿವಿಗೊಟ್ಟು ಕೂತೆ. ಹೆಂಗಸರು ಹೇಳಿದ್ದು ಹೆಚ್ಚುಕಡಿಮೆ ಒಂದೇ. ದಿನವಿಡೀ ಮಕ್ಕಳು ಮನೆಯಲ್ಲಿ, ಗಂಡ ಮನೆಯಲ್ಲಿ, ಅಡುಗೆ ಮುಗಿಯುವಂತಿಲ್ಲ, ಮಗ್ಗದಿಂದ ಏಳುವಂತಿಲ್ಲ. ನೆರವು ಕೊಡುವವರ ಕಣ್ಣಿಗೆ ಎಡಗಡೆ ಯಾರೂ ಕೂತೇ ಇಲ್ಲ. ಒಬ್ಬಳು ಬಸುರಿ, ಮನೆಯವರಿಗಿನ್ನೂ ಹೇಳಿರಲಿಲ್ಲ, ನನಗೆ ಹೇಳಿದಳು. ಒಬ್ಬಳು ಏನೂ ಹೇಳದೆ ಗೋಡೆಗೆ ಒರಗಿ ನಿದ್ದೆ ಹೋದಳು. ನಾನು ಎಬ್ಬಿಸಲಿಲ್ಲ.

ಅಷ್ಟು ಮಾತು ನನ್ನ ಕಿವಿಗೆ ಬಿದ್ದರೂ ಎದ್ದು ಹೊರಡುವಾಗ ಅವರೆಲ್ಲ ಬಾಗಿಲಿಗೆ ಬಂದು ಕಳಿಸುತ್ತಿದ್ದದ್ದು ಇವರನ್ನು. "ರಾ ಅನ್ನಾ, ಕೂರ್ಚೋ, ಮಜ್ಜಿಗೆ ಕುಡಿ," ಎಂದು ತೆಲುಗು ಕನ್ನಡ ಎರಡೂ ಸೇರಿಸಿ ಕರೆಯುತ್ತಿದ್ದರು. ಅವರು ಅನ್ನ, ನಾನು ಮೇಡಂ. ಅವರಿಗೆ ಹಿತ್ತಾಳೆ ಚೆಂಬಿನಲ್ಲಿ ಮಜ್ಜಿಗೆ, ನನಗೆ ಅಂಗಡಿಯಿಂದ ತರಿಸಿದ ಬಾಟಲಿ ನೀರು. ಮರ್ಯಾದೆ ನನಗೇ ಹೆಚ್ಚು ಕೊಟ್ಟರು ಎಂದು ಯಾರಾದರೂ ಅನ್ನಬಹುದು. ನನಗೆ ಆ ಚೆಂಬು ಬೇಕಾಗಿತ್ತು.

ಒಂದು ದಿನ ತಡೆಯಲಾರದೆ ನಾನೇ ಎಡಗಡೆ ಕೂರುತ್ತೇನೆ ಎಂದೆ. ಅವರು ಬೇಡ ಎನ್ನಲಿಲ್ಲ. "ಕುಂತ್ರೆ ಗೊತ್ತಾಗ್ತೈತೆ," ಎಂದರು. ಕೂತೆ. ಎರಡು ಸಲ ಲಾಳಿ ತಳ್ಳುವಷ್ಟರಲ್ಲಿ ಬಳೆಗೆ ಎಳೆ ಸಿಕ್ಕಿ ಪಟ್ಟೆಂದು ಹರಿಯಿತು. ಮಗ್ಗದವನು ಅಯ್ಯಯ್ಯೋ ಎಂದು ತಲೆ ಹಿಡಿದುಕೊಂಡ. ಇವರು ಬಂದು ಹರಿದ ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಕೂಡಿಸಿ, "ಬಳೆ ಇದ್ರೆ ಆಗಲ್ಲ ಮೇಡಂ, ನಮ್ಮ ಹೆಣ್ಮಕ್ಳು ಎಡಗೈಗೆ ಬಳೆ ಹಾಕಲ್ಲ, ನೋಡಿಲ್ವಾ?" ಎಂದು ಮೆಲ್ಲಗೆ ಕೇಳಿದರು. ನೋಡಿರಲಿಲ್ಲ. ಅಷ್ಟು ಹೆಂಗಸರ ಜೊತೆ ಕಲ್ಲಿನ ಮೇಲೆ ಕೂತಿದ್ದೆ, ಬರಿಗೈ ಕಂಡಿರಲಿಲ್ಲ. ಆ ದಿನ ದಾರಿಯುದ್ದಕ್ಕೂ ಬೈಕಿನ ಹಿಂದೆ ಕೂತು ಅವರ ಬೆನ್ನನ್ನು ದುರುಗುಟ್ಟಿಕೊಂಡು ನೋಡಿದೆ.

ಅವರದೂ ಮನೆ ಅದೇ ಊರಿನಲ್ಲಿ, ಓಣಿ ಮುಗಿಯುವ ಕಡೆ. ಅದರ ಹತ್ತಿರ ಬಂದಾಗಲೆಲ್ಲ ಬೈಕು ತಿರುಗಿಸಿಬಿಡುತ್ತಿದ್ದರು. "ನಮ್ಮನೆ ಬ್ಯಾಡ ಬಿಡ್ರಿ. ನೌಕರರ ಮನೆಗೆ ನೆರವು ತಗಂಡ್ರೆ ನಾಳೆ ಮಾತು ಬರ್ತೈತೆ," ಎನ್ನುತ್ತಿದ್ದರು. ನೆರವು ಬೇಡ, ಒಂದು ಲೋಟ ನೀರಿಗಾದರೂ ಕರೆಯಬಾರದೇ ಎಂದು ನನಗೆ. ಊರವರಿಗೆಲ್ಲ ಅನ್ನನಾದವರು ನನ್ನನ್ನು ಹೊಸ್ತಿಲಿಗೂ ಸೇರಿಸಲಿಲ್ಲ ಎಂದು ಅದನ್ನೂ ಹೊಟ್ಟೆಯಲ್ಲಿ ಹಾಕಿಕೊಂಡೆ.

ನಮ್ಮ ವರದಿ ಹೋಯಿತು. ಅದನ್ನು ನೋಡಿ ಹೊರದೇಶದ ಮೇಡಂ ಒಬ್ಬರು ವಿಡಿಯೋ ಮೀಟಿಂಗ್ ಕರೆದರು. ಎಣ್ಣೆ ಮಿಲ್ಲಿನ ಮೇಲಿನ ಕೋಣೆಯಲ್ಲಿ ನಾವೆಲ್ಲ ಮಾಸ್ಕ್ ಹಾಕಿಕೊಂಡು, ದೂರ ದೂರ ಕುರ್ಚಿ ಹಾಕಿಕೊಂಡು ಕೂತೆವು. ಆಕೆ ಇಂಗ್ಲಿಷಿನಲ್ಲಿ ಒಂದು ಮಾತನ್ನು ಓದಿದರು. ನಿರ್ದೇಶಕರು ಕನ್ನಡಕ್ಕೆ ತಿರುಗಿಸಿದರು. ಅವರಿಗೆ ಜ್ವರ ಬಂದಾಗ ಮಗ್ಗ ನಿಂತಿತ್ತು, ನನಗೆ ಬಂದಾಗ ನಿಲ್ಲಲಿಲ್ಲ. ಇಷ್ಟು ದೇಶಗಳಲ್ಲಿ ಕೆಲಸ ಮಾಡಿದ್ದೇನೆ, ಇದನ್ನು ನಾನು ಮರೆಯುವುದಿಲ್ಲ ಎಂದರು ಆಕೆ. ಹೆಂಗಸಿನ ಜಾಗದಲ್ಲಿ ತಾನೇ ಕೂತು ಈ ಮಾತನ್ನು ಕೇಳಿಸಿಕೊಂಡ ಗಂಡಸು ಯಾರು, ಅವರನ್ನು ನೋಡಬೇಕು ಎಂದರು. ನಿರ್ದೇಶಕರು ಇವರನ್ನು ಕ್ಯಾಮೆರಾದ ಮುಂದಕ್ಕೆ ತಳ್ಳಿದರು. ಆಕೆ ಚಪ್ಪಾಳೆ ತಟ್ಟಿದರು.

ಕೇಳಿಸಿಕೊಂಡವಳು ನಾನು! ಆ ಮಾತು ಬಿದ್ದದ್ದು ಈ ಕಿವಿಗೆ. ಅವರು ಆಗ ಗೋಡೆಯಾಚೆ ಲಾಳಿ ತಳ್ಳುತ್ತಿದ್ದರು. ನನ್ನ ಮಾಸ್ಕಿನೊಳಗೆ ಉಸಿರು ಬಿಸಿಯಾಗಿ ಕನ್ನಡಕ ಮಂಜಾಯಿತು.

ಇವರು ಎದ್ದು ಕೈಮುಗಿದು, "ನಾನು ಬರೇ ಕುಂತಿದ್ದೆ ಅಷ್ಟೇರಿ. ಕೇಳಿದ್ದು ನಮ್ಮ ಮೇಡಂ, ಅವರ ಹೆಸರು..." ಎಂದರು. ಅಷ್ಟಕ್ಕೆ ನೆಟ್ ಹೋಯಿತು. ಪರದೆಯ ಮೇಲೆ ಆ ಹೊರದೇಶದ ಹೆಂಗಸು ಬಾಯಿ ಅರ್ಧ ತೆರೆದುಕೊಂಡು ನಿಂತುಬಿಟ್ಟರು. ನೆಟ್ ವಾಪಸ್ ಬರುವಷ್ಟರಲ್ಲಿ ಮೀಟಿಂಗ್ ಮುಗಿದಿತ್ತು. ಕಚೇರಿಯವರೆಲ್ಲ ನಕ್ಕರು. ಇವರು ಮಾತ್ರ ಪೆಚ್ಚು ಮೋರೆ ಹಾಕಿಕೊಂಡು ನನ್ನ ಹತ್ತಿರ ಬಂದು, "ಇನ್ನೊಂದ್ಸಲ ಕರೆದಾಗ ಮೊದ್ಲು ನಿಮ್ಮ ಹೆಸರೇ ಹೇಳ್ತೀನ್ರಿ," ಎಂದರು. ಹೊರದೇಶದವರು ಇನ್ನೊಂದು ಸಲ ಕರೆಯಲಿಲ್ಲ.

ಕೆಲಸವಂತೂ ಆಯಿತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಎರಡನೆಯ ಕಂತಿನಲ್ಲಿ ಒಂದು ಮಗ್ಗಕ್ಕೆ ಇಬ್ಬರು ಎಂದು ಒಪ್ಪಿದರು. ಎಡಗಡೆ ಕೂತವರ ಪಾಲು ಅವರದೇ ಖಾತೆಗೆ ಬಂತು. ಮೊದಲ ಮನೆಯ ಗಂಡ ದಾರಿಯಲ್ಲಿ ಅಡ್ಡ ನಿಂತು, "ಏನನ್ನಾ, ಮನೆಯೊಳಗೆ ಜಗಳ ಹಚ್ಚಿಬಿಟ್ಟೆಯಲ್ಲ," ಎಂದ. "ಒಂದಿನ ನೀನು ಎಡಗಡೆ ಕುಂತ್ಕಂಡು ನೋಡಲೇ," ಎಂದರು ಇವರು. ಆ ಪಾಲು ಬಂದ ದಿನ ಹೆಂಗಸರು ಇವರನ್ನು ಸುತ್ತಿಕೊಂಡು ನಿಂತಿದ್ದರು. ನಾನು ಬೈಕಿನ ಹತ್ತಿರ ಕೆಂಪು ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದೆ. ಒಬ್ಬಳಾದರೂ ಇತ್ತ ಬರುತ್ತಾಳೆ ಎಂದು ಕಾದೆ.

ಈ ವರ್ಷ ಎದೆನೋವು ಬಂದು ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿನ ಮಗ್ಗಗಳೆಲ್ಲ ನಿಂತಿದ್ದವು. ಹೆಂಗಸರು "ಅನ್ನಾ, ಅನ್ನಾ" ಎಂದು ಅಳುತ್ತಿದ್ದರು. ನನಗೂ ಅಳು ಬಂತು, ಅದರ ಜೊತೆಗೇ ನಾನು ಸತ್ತರೆ ಈ ಹೆಂಗಸರಲ್ಲಿ ಎಷ್ಟು ಜನ ಚಳ್ಳಕೆರೆಯ ಬಸ್ಸು ಹತ್ತುತ್ತಾರೆ ಎಂಬ ಯೋಚನೆಯೂ ಬಂತು. ಹೊಟ್ಟೆಯುರಿಗೆ ಹೊತ್ತುಗೊತ್ತು ಗೊತ್ತಾಗುವುದಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಕಚೇರಿಯ ಮೊಳೆಗೆ ತೂಗುಹಾಕಿದ್ದ ಆ ಹೆಲ್ಮೆಟ್ ಕಣ್ಣಿಗೆ ಬಿತ್ತು. ಅವರ ಮನೆಗೆ ಮುಟ್ಟಿಸಿ ಬರೋಣ ಎಂದು ಬಸ್ಸಿನಲ್ಲಿ ಒಬ್ಬಳೇ ಹೋದೆ. ಓಣಿಯ ಕೊನೆಯ ಆ ಮನೆಯ ಹೊಸ್ತಿಲನ್ನು ದಾಟಿ ಸಮಾಧಾನವಾಗಿ ಕೂತದ್ದು ಅವತ್ತೇ ಮೊದಲು. ಅವರ ಹೆಂಡತಿ ಸಣ್ಣ ಮೈಕಟ್ಟಿನವರು. ನನ್ನ ಕೈಯಿಂದ ಹೆಲ್ಮೆಟ್ ತೆಗೆದುಕೊಂಡು ತಿರುಗಿಸಿ ನೋಡಿದರು.

"ಇದು ನಂದು," ಎಂದರು. "ನನ್ನನ್ನ ಬಳ್ಳಾರಿಗೆ ಕರ್ಕೊಂಡು ಹೋಗ್ತೀನಿ ಅಂತ ತಂದಿದ್ರು. ಒಂದಿನಾನೂ ಹಾಕ್ಕೊಳ್ಲಿಲ್ಲ. ಹಗಲೆಲ್ಲ ನೂಲು ಸುತ್ತೋದು, ಅವರು ಬಂದ ಮ್ಯಾಲೆ ಲಾಳಿ. ಮಗ್ಗ ಬಿಟ್ಟು ಏಳೋದು ಯಾವಾಗ?"

ಹಿಂದೆ, ನಡುಮನೆಯಲ್ಲಿ, ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ಹಸಿರು ಒಡಲು, ಕೆಂಪು ಅಂಚು. ಎಡಗಡೆ ಒಂದು ಸವೆದ ಚಾಪೆ ತುಂಡು. ಆಕೆಯ ಎಡಗೈಯನ್ನು ನೋಡಿದೆ. ಗಂಡ ಹೋದ ಮೇಲೆ ಈಗ ಎರಡೂ ಕೈ ಬರಿದು. ಎಡಗೈ ಮಾತ್ರ ಮದುವೆಯಾದಾಗಿನಿಂದಲೂ ಬರಿದಾಗಿತ್ತೇನೋ.

"ಓಣಿ ಹೆಣ್ಮಕ್ಕಳ ಜಾಗದಾಗೆಲ್ಲ ಅವರು ಕುಂತ್ರು," ಎಂದರು ಆಕೆ. "ಒಬ್ಬೊಬ್ಬರೂ ಹಿತ್ತಲಿಗೆ ಹೋಗಿ ನಿಮ್ಮತ್ರ ಮಾತಾಡಿ ಬಂದ್ರು. ಬಂದ ಮ್ಯಾಲೆ ಮುಖ ತೊಳಕೊಂಡಂಗೆ ಇರೋರು, ನಾನು ನೋಡಿದೀನಿ. ದಿನಾ ಸಂಜೆ ಇಲ್ಲಿ ಕುಂತು ನೇಯ್ತಾ ನಿಮ್ಮದೇ ಸುದ್ದಿ. ಮೇಡಂ ಹಂಗೆ ಕೇಳಿದ್ರು, ಮೇಡಂ ಇದ್ರೇನೇ ಹೆಣ್ಮಕ್ಳು ಬಾಯಿ ಬಿಡೋದು. ನಾನು ಲಾಳಿ ತಳ್ತಾ ಕೇಳಿಸ್ಕೊಳ್ಳೋದು. ನಮ್ಮನೆ ಮಗ್ಗ ಲೆಕ್ಕಕ್ಕಿಲ್ಲ, ನೌಕರರ ಮನೆ ಅಂದ್ರು. ಆಯ್ತು, ನೆರವು ಯಾರಿಗೆ ಬೇಕಿತ್ತು? ನೀವು ಯಾವತ್ತಾದ್ರೂ ಬರ್ತೀರ ಅಂತ ಹಿತ್ತಿಲ ಕಲ್ಲು ತೊಳೆದು ಇಟ್ಟಿದ್ದೆ. ಬೈಕಿನ ಸದ್ದು ಇಲ್ಲೀ ತನಕ ಬರೋದು, ತಿರುಗಿ ಹೋಗೋದು."

ಅಷ್ಟು ಹೆಂಗಸರಲ್ಲಿ ಒಬ್ಬಳಾದರೂ ನನ್ನ ಕಡೆ ಬರಲಿ ಎಂದು ನಾನು ಬೈಕಿನ ಹತ್ತಿರ ಕಾಯುತ್ತಿದ್ದೆ. ಈಕೆ ಇಲ್ಲಿ ಕಾಯುತ್ತಿದ್ದರು.

ಆಕೆ ಒಳಗೆ ಹೋಗಿ ಹಿತ್ತಾಳೆ ಚೆಂಬಿನಲ್ಲಿ ಮಜ್ಜಿಗೆ ತಂದು ನನ್ನ ಮುಂದಿಟ್ಟರು. ಹಿತ್ತಿಲ ಬಾಗಿಲು ತೆರೆದರು. ಕಲ್ಲು ನೆರಳಿನಲ್ಲಿತ್ತು. ಚಳ್ಳಕೆರೆಯ ಬಸ್ಸಿಗೆ ಹೊತ್ತಾಗಿತ್ತು, ನಾನು ಬ್ಯಾಗನ್ನು ಗೋಡೆಗೆ ಒರಗಿಸಿದೆ. ಮಾಡಲು ಬೇರೇನೂ ತೋಚದೆ ಎರಡೂ ಕೈಯಲ್ಲಿ ಚೆಂಬು ಹಿಡಿದುಕೊಂಡೆ.

"ಕುಂತ್ಕೊಳ್ರಿ," ಎಂದು ಆಕೆ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಆ ತುದಿಗೆ ಕೂತರು. "ಮಗ್ಗ ನಿಂತೈತೆ, ಇನ್ನು ನನ್ನನ್ನ ಎಬ್ಬಿಸಿ ಕಳಿಸೋರು ಯಾರೂ ಬೇಕಾಗಿಲ್ಲ. ಎಲ್ಲಾ ಹೇಳ್ತೀನಿ. ಮೊದ್ಲು ನಿಮ್ಮ ಮ್ಯಾಲೆ ನನಗಿದ್ದ ಹೊಟ್ಟೆಕಿಚ್ಚಿನಿಂದಾನೇ ಶುರು ಮಾಡ್ಲಾ?"